ಸೈಕಲ್ಲಿಗೂ ಬೇಕು ಮನಸ್ಸಿಗೊಪ್ಪುವ ಬಣ್ಣ

ಸೀರೆ ಅಂಗಡಿಗೆ ಹೋದಾಗ ನಾವು ಮೂವತ್ತು ಸೀರೆ ಬಿಚ್ಚಿಸುತ್ತೇವೆ. ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೇವೆ. ಅಂಚು ಚೆನ್ನಾಗಿದ್ದರೆ ಒಡಲು ಹಿಡಿಸದು, ಒಡಲು ಹಿಡಿಸಿದರೆ ಸೆರಗು ಸಪ್ಪೆ. ಕೊನೆಗೆ ಮೊದಲು ತೋರಿಸಿದ್ದನ್ನೇ ಕಟ್ಟಿಸಿಕೊಂಡು ಬರುತ್ತೇವೆ ಅನ್ನುವುದು ಬೇರೆ ಮಾತು! ಮನೆಗೆ ಬಣ್ಣ ಮಾಡಿಸುವಾಗಲೂ ಅಷ್ಟೆ. ಆದರೆ ಮನೆಯ ಮುಂದೆ ನಿಂತಿರುವ ಸೈಕಲ್ಲಿನ ಬಣ್ಣ ಯಾವುದೆಂದು ಯಾರಾದರೂ ಥಟ್ಟನೆ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಅಂಗಡಿಯವನು ಕೊಟ್ಟ ಬಣ್ಣ, ಅಷ್ಟೇ ತಾನೇ.

ಸೈಕಲ್ಲಿಗೆ ಬಣ್ಣ ಬಳಿಯುವುದೂ ಒಂದು ಲೇಖನದ ವಿಷಯವೇ ಎಂದು ನೀವು ಮೂಗು ಮುರಿಯಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಇದು ನಾವು ದಿನವೂ ಮಾಡುವ ರಂಗೋಲಿ, ಕಸೂತಿ, ಬಣ್ಣದ ಹೊಂದಾಣಿಕೆಗಳ ಜೊತೆಗೇ ಸೇರುವ ವಿಷಯ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಯಾರ ಇಷ್ಟಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿ ಕೂತಿದೆ.

ಕಪ್ಪು ಬಣ್ಣವೇ ಏಕೆ?

ನಮ್ಮ ತಂದೆಯವರ ಕಾಲದ ಸೈಕಲ್ಲುಗಳನ್ನು ನೆನಪಿಸಿಕೊಳ್ಳಿ. ರ‍್ಯಾಲಿ, ಹಂಬರ್, ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಎಂದು ಹೆಸರು ಬೇರೆ ಬೇರೆಯಾದರೂ ಮೈಬಣ್ಣ ಹೆಚ್ಚಾಗಿ ಒಂದೇ: ಕಾಡಿಗೆಯಂಥ ಕಪ್ಪು. ಅಲ್ಲೊಂದು ಇಲ್ಲೊಂದು ಕಡು ಹಸಿರು. ಇದಕ್ಕೆ ಕಾರಣವಿದೆ. ಆಗಿನ ಕಪ್ಪು ಬಣ್ಣ ಡಾಂಬರಿನ ಜಾತಿಯ ವಸ್ತುವಿನಿಂದ ತಯಾರಾಗುತ್ತಿತ್ತು. ಫ್ರೇಮನ್ನು ಅದರಲ್ಲಿ ಅದ್ದಿ ತೆಗೆದು ಬಿಸಿ ಒಲೆಯಲ್ಲಿಟ್ಟು ಬೇಯಿಸುತ್ತಿದ್ದರು. ಹೀಗೆ ಬೆಂದ ಕಪ್ಪು ಗಟ್ಟಿ, ಅಗ್ಗ, ತುಕ್ಕಿಗೆ ಸುಲಭವಾಗಿ ಜಗ್ಗದು. ನಮ್ಮ ಅಜ್ಜಿಯರು ಹೊಸ ಕಾವಲಿಯನ್ನು ಎಣ್ಣೆ ಹಚ್ಚಿ ಕಾಯಿಸಿ ಕಾಯಿಸಿ ಪಳಗಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಆ ಲೆಕ್ಕವೇ.

ಆದರೆ ಬರೀ ಕಪ್ಪಾದರೆ ಕಣ್ಣಿಗೆ ಏನು ಚೆನ್ನ? ಅದಕ್ಕೇ ಕೊಳವೆಗಳ ಉದ್ದಕ್ಕೂ ಬಂಗಾರದ ಬಣ್ಣದ ಸಣ್ಣ ಗೆರೆ ಎಳೆಯುತ್ತಿದ್ದರು. ಮಡ್‌ಗಾರ್ಡಿನ ಎರಡು ಅಂಚಿಗೆ ಎರಡು ಗೆರೆ, ಚೈನ್ ಕವರಿಗೆ ಒಂದು ಸುತ್ತು. ಅದನ್ನು ಎಳೆಯುತ್ತಿದ್ದದ್ದು ಕೈಯಲ್ಲಿ, ಉದ್ದ ಕೂದಲಿನ ತೆಳು ಕುಂಚದಿಂದ. ಈ ವಿದ್ಯೆ ಪೂರ್ತಿ ಹೋಗಿಲ್ಲ. ಚೆನ್ನೈನಲ್ಲಿ ತಯಾರಾಗುವ ರಾಯಲ್ ಎನ್‌ಫೀಲ್ಡ್ ಮೋಟಾರ್ ಸೈಕಲ್ಲಿನ ಕೆಲವು ಮಾದರಿಗಳ ಪೆಟ್ರೋಲ್ ಟ್ಯಾಂಕಿನ ಮೇಲೆ ಆ ಗೆರೆಯನ್ನು ಕೈಯಿಂದಲೇ ಎಳೆಯುತ್ತ ಬಂದಿದ್ದಾರೆ.

ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಒಂದು ಬಿಳಿ ಪಟ್ಟಿ ಇರುತ್ತಿತ್ತು, ನೆನಪಿದೆಯೇ? ಅದು ಅಲಂಕಾರಕ್ಕಲ್ಲ. ಕತ್ತಲಲ್ಲಿ ಹಿಂದಿನಿಂದ ಬರುವವರಿಗೆ ಸೈಕಲ್ ಕಾಣಲೆಂದು.

ಕಂಪನಿಯವರು ಕೊಟ್ಟಷ್ಟಕ್ಕೆ ನಮ್ಮ ಜನ ಸುಮ್ಮನಿರಲಿಲ್ಲ. ಚಕ್ರದ ಕಡ್ಡಿಗಳಿಗೆ ಬಣ್ಣದ ಮಣಿ, ನಡುವಿನ ಹಬ್ಬಿಗೆ ಬಣ್ಣದ ಬ್ರಷ್ಷು, ಹ್ಯಾಂಡಲ್ ತುದಿಗೆ ಗೊಂಡೆ, ಸೀಟಿಗೆ ಜಾಲರಿಯ ಕವರು, ಮಡ್‌ಗಾರ್ಡಿನ ಕೆಳಗೆ ಹೆಸರು ಬರೆದ ರಬ್ಬರ್ ತುಂಡು. ಹಾಲಿನವರ ಸೈಕಲ್ಲು, ಹೂವಿನವರ ಸೈಕಲ್ಲು, ಮೇಷ್ಟ್ರ ಸೈಕಲ್ಲು ಎಂದು ದೂರದಿಂದಲೇ ಗುರುತು ಸಿಗುತ್ತಿತ್ತು. ಆಯುಧಪೂಜೆಯ ದಿನ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದರಂತೂ ಅದಕ್ಕೂ ಜೀವ ಬಂದಂತೆ.

ರಾಣಿಯ ಕಣ್ಣು, ಹೆಂಗಸರ ಹೋರಾಟ

ಇಟಲಿಯ ಮಿಲಾನ್ ನಗರದಲ್ಲಿ ಎಡೊವಾರ್ಡೊ ಬಿಯಾಂಕಿ ಎಂಬಾತ 1885ರಲ್ಲಿ ಶುರು ಮಾಡಿದ ಸೈಕಲ್ ಕಂಪನಿ ಇಂದಿಗೂ ಇದೆ. ಆ ಸೈಕಲ್ಲುಗಳದ್ದು ಒಂದು ವಿಶೇಷ ಬಣ್ಣ. ತಿಳಿ ನೀಲಿಯೂ ಅಲ್ಲ, ತಿಳಿ ಹಸಿರೂ ಅಲ್ಲ, ನಡುವಿನದು. ಇಟಲಿಯವರು ಅದನ್ನು 'ಚೆಲೆಸ್ತೆ' ಎನ್ನುತ್ತಾರೆ, ಅಂದರೆ ಆಕಾಶದ ಬಣ್ಣ. ಆ ಬಣ್ಣ ಎಲ್ಲಿಂದ ಬಂತು ಎಂಬುದಕ್ಕೆ ಕಥೆಗಳು ಹಲವು. ಮಹಾರಾಣಿ ಮಾರ್ಗರಿಟಾಗೆ ಬಿಯಾಂಕಿ ಸೈಕಲ್ ಮಾಡಿಕೊಟ್ಟು ಹೊಡೆಯಲು ಕಲಿಸಿದನಂತೆ, ಆಕೆಯ ಕಣ್ಣಿನ ಬಣ್ಣವನ್ನೇ ಸೈಕಲ್ಲಿಗೆ ಇಟ್ಟನಂತೆ ಎಂದು ಒಂದು ಕಥೆ. ಮಿಲಾನಿನ ಆಕಾಶದ ಬಣ್ಣ ಎಂದು ಇನ್ನೊಂದು. ಸೈನ್ಯದವರ ಬಳಿ ಮಿಕ್ಕಿದ್ದ ಬಣ್ಣಗಳನ್ನು ಬೆರೆಸಿದಾಗ ಹೀಗಾಯಿತು ಎಂದು ಮೂರನೆಯದು. ನನಗೇನೋ ರಾಣಿಯ ಕಥೆಯೇ ಇಷ್ಟ. ಆದರೆ ಮಿಕ್ಕ ಬಣ್ಣದ ಕಥೆ ಗೃಹಿಣಿಯರಿಗೆ ಹತ್ತಿರದ್ದು. ಮಿಕ್ಕ ಅನ್ನದಿಂದ ಚಿತ್ರಾನ್ನ ಮಾಡಿ ಹೊಗಳಿಸಿಕೊಂಡವರಲ್ಲವೇ ನಾವು!

ಇಂಗ್ಲೆಂಡಿನ ಸಂಗತಿ ಇನ್ನೂ ಸ್ವಾರಸ್ಯ. ಅಲ್ಲಿ ಹೆಂಗಸರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಕಾಲ. ಅವರ ಸಂಘಟನೆಯ ಬಣ್ಣಗಳು ಮೂರು: ನೇರಳೆ, ಬಿಳಿ, ಹಸಿರು. ನೇರಳೆ ಗೌರವಕ್ಕೆ, ಬಿಳಿ ನಿರ್ಮಲತೆಗೆ, ಹಸಿರು ಭರವಸೆಗೆ. 1909ರಲ್ಲಿ ಎಲ್ಸ್‌ವಿಕ್ ಎಂಬ ಸೈಕಲ್ ಕಂಪನಿ ಈ ಬಣ್ಣಗಳನ್ನೇ ಬಳಿದ ಹೆಂಗಸರ ಸೈಕಲ್ಲನ್ನು ಮಾರಾಟಕ್ಕೆ ತಂದಿತು. ಅದನ್ನು ಹತ್ತಿ ಬೀದಿಗೆ ಬಂದರೆ ಬಾಯಿ ಬಿಟ್ಟು ಏನೂ ಹೇಳಬೇಕಿರಲಿಲ್ಲ. ಆಕೆ ಯಾವ ಪಕ್ಷದವಳೆಂದು ಸೈಕಲ್ಲೇ ಸಾರುತ್ತಿತ್ತು. ಆ ದೇಶದಲ್ಲಿ ಮೂವತ್ತು ದಾಟಿದ ಕೆಲವು ಹೆಂಗಸರಿಗೆ 1918ರಲ್ಲಿ, ಗಂಡಸರ ಸಮಾನವಾಗಿ ಎಲ್ಲ ಹೆಂಗಸರಿಗೆ 1928ರಲ್ಲಿ ಮತದಾನದ ಹಕ್ಕು ಸಿಕ್ಕಿತು.

ಇನ್ನು ದುಡ್ಡಿನ ಅಭಿರುಚಿಯ ಒಂದು ಕಥೆ. 2009ರಲ್ಲಿ ಡೇಮಿಯನ್ ಹರ್ಸ್ಟ್ ಎಂಬ ಹೆಸರಾಂತ ಇಂಗ್ಲಿಷ್ ಕಲಾವಿದ, ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಸೈಕಲ್ಲನ್ನು ಚಿಟ್ಟೆಗಳಿಂದ ಅಲಂಕರಿಸಿದ. ಚಿಟ್ಟೆಯ ಚಿತ್ರ ಅಂದುಕೊಂಡಿರಾ? ಅಲ್ಲ, ನಿಜವಾದ ಚಿಟ್ಟೆಯ ರೆಕ್ಕೆಗಳನ್ನೇ ಫ್ರೇಮಿಗೂ ಚಕ್ರಕ್ಕೂ ಅಂಟಿಸಿ ಮೇಲೆ ಮೆರುಗೆಣ್ಣೆ ಹಚ್ಚಿದ್ದ. ಫ್ರಾನ್ಸಿನ ದೊಡ್ಡ ಸೈಕಲ್ ಸ್ಪರ್ಧೆಯ ಕೊನೆಯ ದಿನ ಅದು ಪ್ಯಾರಿಸ್ಸಿನಲ್ಲಿ ಓಡಿತು. ಅದೇ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5 ಲಕ್ಷ ಡಾಲರಿಗೆ ಹೋಯಿತು. ಹಣ ಕ್ಯಾನ್ಸರ್ ರೋಗಿಗಳ ನೆರವಿನ ಸಂಸ್ಥೆಗೆ ಸಂದಿತು ನಿಜ. ಆದರೆ ಪ್ರಾಣಿದಯೆಯವರು ಸುಮ್ಮನಿರಲಿಲ್ಲ, ಚೆಲುವಿಗಾಗಿ ಜೀವ ತೆಗೆಯಬೇಕೇ ಎಂದು ಕೇಳಿದರು. ಆ ಪಟುವೂ ಉದ್ದೀಪನ ಮದ್ದು ಸೇವಿಸಿದ್ದು ಸಾಬೀತಾಗಿ 2012ರಲ್ಲಿ, ಫ್ರಾನ್ಸಿನ ಆ ಸ್ಪರ್ಧೆಯಲ್ಲಿ ಗೆದ್ದಿದ್ದ ಬಿರುದುಗಳನ್ನೆಲ್ಲ ಕಳೆದುಕೊಂಡ. ದುಬಾರಿಯದೆಲ್ಲ ಅಂದದ್ದೇ ಎಂದು ಹೇಗೆ ಹೇಳೋಣ, ನೀವೇ ಹೇಳಿ.

ಢಾಕಾದ ನವಿಲು

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ನಮ್ಮ ನೆರೆಯ ಬಾಂಗ್ಲಾದೇಶದ ಢಾಕಾ ನಗರದ ಸೈಕಲ್ ರಿಕ್ಷಾಗಳು. ಅವುಗಳ ಮೈಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಬಣ್ಣ. ಹಿಂಬದಿಯ ತಗಡಿನ ಹಲಗೆಯ ಮೇಲೆ ನವಿಲು, ಕಮಲ, ಗುಲಾಬಿ, ಸಿನಿಮಾ ತಾರೆಯರು, ತಾಜಮಹಲು, ಹಳ್ಳಿಯ ಹೊಳೆ, ದೋಣಿ. ಮನೆಗೆ ಬಳಿಯುವ ಎನಾಮೆಲ್ ಬಣ್ಣದಲ್ಲೇ ಬರೆಯುತ್ತಾರೆ. ಬರೆಯುವವರಲ್ಲಿ ಹೆಚ್ಚಿನವರು ಗುರುವಿನ ಪಕ್ಕ ಕೂತು ಕಲಿತವರು. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ರಿಕ್ಷಾ ಚಿತ್ರಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಾಲದಲ್ಲಿ ಓದಿದವರು 'ಅಯ್ಯೋ, ರಿಕ್ಷಾದ ಬಣ್ಣದಂತಿದೆ' ಎಂದು ಹಗುರವಾಗಿ ಆಡುತ್ತಿದ್ದ ಕಲೆಗೆ ಇಂದು ಈ ಗೌರವ.

ನಮ್ಮಲ್ಲೂ ಲಾರಿಗಳ ಹಿಂದೆ ಹಸು-ಕರು, ಹುಲಿ, ಕಣ್ಣು ಬರೆಯುವವರಿದ್ದಾರೆ. ಅಂಗಡಿಯ ಬೋರ್ಡು ಬರೆಯುವವರಿದ್ದರು. ಪ್ಲಾಸ್ಟಿಕ್ಕಿನ ಫ್ಲೆಕ್ಸ್ ಬಂದ ಮೇಲೆ ಅವರ ಕುಂಚ ಒಣಗಿತು. ನಿಮ್ಮ ಊರಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ, ಈಗ ಬೇರೆ ಕೆಲಸಕ್ಕೆ ಹೋಗುತ್ತಿರಬಹುದು. ಸೈಕಲ್ಲಿಗೆ ಗೆರೆ ಎಳೆಸಬೇಕೆಂದರೆ ಅವರನ್ನು ಹುಡುಕಿ. ಅವರ ಕೈಯಲ್ಲಿರುವುದು ಯಾವ ಸ್ಟಿಕರಿನಲ್ಲೂ ಸಿಗದು.

ಸೀರೆಯ ಲೆಕ್ಕ ಸೈಕಲ್ಲಿಗೂ

ಬಣ್ಣ ಹೊಂದಿಸುವುದು ಹೇಗೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಳಕಲ್ ಸೀರೆಯನ್ನು ಕಣ್ಮುಂದೆ ತಂದುಕೊಳ್ಳಿ. ಒಡಲು ಒಂದು ಬಣ್ಣ, ಅಂಚು ಇನ್ನೊಂದು, ಸೆರಗು ಎಲ್ಲಕ್ಕಿಂತ ಎದ್ದು ಕಾಣುವಂಥದು. ಈ ಲೆಕ್ಕವನ್ನೇ ಸೈಕಲ್ಲಿಗೆ ಹಾಕಿ.

ಫ್ರೇಮು ಅಂದರೆ ಒಡಲು. ಅದಕ್ಕೆ ಒಂದೇ ಬಣ್ಣ, ಅದೂ ದಿನಾ ನೋಡಿದರೂ ಬೇಸರ ಬಾರದ ಬಣ್ಣ ಇರಲಿ. ಗೆರೆಗಳು ಅಂಚು. ಒಡಲು ಗಾಢವಾಗಿದ್ದರೆ ಗೆರೆ ತಿಳಿ, ಒಡಲು ತಿಳಿಯಾದರೆ ಗೆರೆ ಗಾಢ. ಹ್ಯಾಂಡಲಿನ ಕೆಳಗೆ, ಕಂಪನಿಯ ಬಿಲ್ಲೆ ಇರುವ ಗಿಡ್ಡ ಕೊಳವೆ ಇದೆಯಲ್ಲ, ಅದೇ ಸೆರಗು. ಎದುರಿಗೆ ಬಂದವರಿಗೆ ಮೊದಲು ಕಾಣುವುದು ಅದು. ಚಿತ್ರ, ಹೂವು, ಬಳ್ಳಿ ಏನೇ ಬರೆಯುವುದಿದ್ದರೂ ಅಲ್ಲಿಗೆ ಮೀಸಲಿಡಿ. ಕಸೂತಿಯ ತುಳಸಿಕಟ್ಟೆ, ಗೋಪುರ, ಕಮಲ ಇವು ನೇರ ಗೆರೆಗಳ ಚಿತ್ರಗಳಾದ್ದರಿಂದ ಅಷ್ಟು ಸಣ್ಣ ಜಾಗದಲ್ಲೂ ಚೆನ್ನಾಗಿ ಕೂರುತ್ತವೆ.

ಮೂರು ಬಣ್ಣಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಲೆಕ್ಕ. ಢಾಕಾದವರು ಮೂವತ್ತು ಹಾಕಿ ಗೆಲ್ಲುತ್ತಾರೆ, ಆದರೆ ಅವರದು ಕೈ ಪಳಗಿದ ಕಸುಬು. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಎರಡು ಬಣ್ಣವೂ ಒಂದು ಗೆರೆಯೂ ಸಾಕು. ಇನ್ನೊಂದು ಮಾತು, ಡಬ್ಬಿಯ ಮುಚ್ಚಳದ ಮೇಲಿನ ಬಣ್ಣವನ್ನು ನಂಬಬೇಡಿ. ಒಂದು ತಗಡಿನ ತುಂಡಿಗೆ ಬಳಿದು, ಒಣಗಿಸಿ, ಬೆಳಗಿನ ಬಿಸಿಲಲ್ಲೂ ಸಂಜೆಯ ದೀಪದಲ್ಲೂ ನೋಡಿ.

ನಮ್ಮ ಮನೆಯ ಎರಡು ಸೈಕಲ್ಲು

ಇಷ್ಟೆಲ್ಲ ಹೇಳುವ ಅಧಿಕಾರ ನನಗೆ ಹೇಗೆ ಬಂತು ಅಂತೀರಾ? ನಮ್ಮ ಮನೆಯಲ್ಲಿ ಎರಡು ಸೈಕಲ್ಲಿವೆ. ಒಂದು, ತೀರಿಕೊಂಡ ನಮ್ಮ ಮಾವನವರ ರ‍್ಯಾಲಿ. ಇನ್ನೊಂದು, ದೊಡ್ಡ ಮಗಳಿಗೆ ಎಂಟನೇ ತರಗತಿಯಲ್ಲಿ ಶಾಲೆಯಿಂದ ಬಂದದ್ದು. ನಿಮಗೆಲ್ಲ ತಿಳಿದೇ ಇದೆ, ನಮ್ಮ ರಾಜ್ಯದಲ್ಲಿ 2006-07ರಿಂದ ಹಲವು ವರ್ಷ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ಆ ಚಕ್ರದ ಮೇಲೆ. ಒಂದೇ ಒಂದು ತೊಂದರೆ, ಎಲ್ಲವೂ ಒಂದೇ ಬಣ್ಣ. ಶಾಲೆ ಬಿಟ್ಟಾಗ ನೂರು ಸೈಕಲ್ಲಿನ ನಡುವೆ ನಮ್ಮದು ಯಾವುದು? ಮಕ್ಕಳು ರಿಬ್ಬನ್ ಕಟ್ಟಿದರು, ಉಗುರುಬಣ್ಣದಲ್ಲಿ ಹೆಸರು ಬರೆದರು, ಬೆಲ್ಲಿಗೆ ಸ್ಟಿಕರ್ ಅಂಟಿಸಿದರು. ಇದು ನನ್ನದು ಅನ್ನಿಸಿಕೊಳ್ಳಲು ಒಂದು ಗುರುತು ಬೇಕೇ ಬೇಕಲ್ಲ.

ಅಕ್ಕನ ಸೈಕಲ್ಲು ಈಗ ತಂಗಿಗೆ ಬಂತು, ತುಕ್ಕು ಸಮೇತ. 'ಅಮ್ಮಾ, ಇದಕ್ಕೆ ಬಣ್ಣ ಬಳಿಯೋಣ' ಅಂದಳು. ಸರಿ, ಗುಲಾಬಿ ಬಣ್ಣ ತರಿಸೋಣ ಅಂತ ನಮ್ಮನೆಯವರು ಹೊರಟೇ ಬಿಟ್ಟರು.

'ಯಾಕಪ್ಪಾ, ಹುಡುಗೀರ ಸೈಕಲ್ ಅಂದ್ರೆ ಗುಲಾಬೀನೇ ಆಗ್ಬೇಕಾ? ನಾನೇನು ಅದನ್ನ ಕೇಳಿದ್ನಾ?' ಅಂದಳು ಅವಳು.

ಅವಳ ಮಾತು ನಿಜ. ಅಂಗಡಿಯಲ್ಲಿ ಹೆಣ್ಣುಮಕ್ಕಳ ಸೈಕಲ್ಲೆಂದರೆ ಗುಲಾಬಿ, ಇಲ್ಲವೇ ನೇರಳೆ. ಯಾರು ಗೊತ್ತುಮಾಡಿದರೋ! ಅವಳು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತ ಬಂದಳು. ಅಕ್ಕ ನೀಲಿ ಅಂದಳು. ನಾನು ಕಡು ಹಸಿರು ಅಂದೆ. ಕೊನೆಗೆ ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆಯ ಹತ್ತಿರ ಹೋದಳು.

'ಅಜ್ಜಿ, ನಿನಗೆ ಯಾವ ಬಣ್ಣ ಇಷ್ಟ?'

'ನನ್ನ ಕೇಳಿ ಏನಾಗ್ಬೇಕು ಪುಟ್ಟಿ? ನಿಮಗೆ ಯಾವ್ದು ಬೇಕೋ ಬಳ್ಕೊಳ್ಳಿ.'

'ಅದಲ್ಲಜ್ಜಿ. ನಿನಗೆ ಯಾವುದು ಇಷ್ಟ ಹೇಳು.'

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಉತ್ತರ ಬರಲಿಲ್ಲ. ಮಾವನವರು ಹೋದ ಮೇಲೆ ಅವರು ಉಟ್ಟದ್ದೆಲ್ಲ ಬೂದಿ, ಮಣ್ಣು, ಮಾಸಲು ಬಿಳಿ. ಯಾರೂ ಹೀಗೇ ಉಡಬೇಕೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಬಣ್ಣದ್ದು ಉಡಿ ಎಂದು ಕೂಡ ಯಾರೂ ಹೇಳಿರಲಿಲ್ಲ, ನಾನೂ ಸೇರಿದಂತೆ. ಅದಕ್ಕೂ ಮೊದಲು ಸೀರೆ ಆರಿಸುತ್ತಿದ್ದದ್ದು ಮಾವನವರು, ಅದಕ್ಕೂ ಮೊದಲು ಅವರ ಅಪ್ಪ. ಎಪ್ಪತ್ತು ದಾಟಿದ ಹೆಂಗಸಿಗೆ ಈ ಪ್ರಶ್ನೆಯನ್ನು ನೇರವಾಗಿ ಕೇಳಿದವಳು ಪ್ರಾಯಶಃ ಈ ಹುಡುಗಿಯೇ ಮೊದಲು.

ಎರಡು ದಿನ ಬಿಟ್ಟು, ನಾನು ತರಕಾರಿ ಹೆಚ್ಚುತ್ತಿದ್ದಾಗ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು: 'ಮಾವಿನ ಚಿಗುರು ಬಂದಿರ್ತದಲ್ಲ, ಹಸಿರಾಗೋಕೆ ಮುಂಚೆ. ಆ ಬಣ್ಣ. ಮದುವೆಯಾದ ಹೊಸದರಲ್ಲಿ ತವರಿಂದ ಆ ಬಣ್ಣದ್ದೊಂದು ಸೀರೆ ಕೊಟ್ಟಿದ್ರು ಕಣೆ.'

ಆ ಬಣ್ಣ ಯಾವ ಅಂಗಡಿಯ ಡಬ್ಬಿಯಲ್ಲೂ ಸಿಗಲಿಲ್ಲ. ಬೋರ್ಡು ಬರೆಯುತ್ತಿದ್ದ ಪೇಂಟರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರು ಕಂದು ಬಣ್ಣಕ್ಕೆ ಕೆಂಪು ಬೆರೆಸಿ, ಚಮಚದಲ್ಲಿ ಹಳದಿ ಹನಿಸುತ್ತ ಹೋದರು. ಪ್ರತಿ ಸಲ ಒಂದು ತಗಡಿಗೆ ಬಳಿದು ಅತ್ತೆಗೆ ತೋರಿಸುವುದು. 'ಇನ್ನೂ ಸ್ವಲ್ಪ ಎಳೇದು' ಅನ್ನುವುದು ಅವರು. ಐದನೆಯ ತಗಡಿಗೆ ತಲೆ ಆಡಿಸಿದರು. ಅದಕ್ಕೆ ಎಲೆ ಹಸಿರಿನ ಸಣ್ಣ ಗೆರೆ. ಮುಂದಿನ ಗಿಡ್ಡ ಕೊಳವೆಯ ಮೇಲೆ ಬಿಳಿಯ ತುಳಸಿಕಟ್ಟೆ. ಗೆರೆ ಎಳೆಯುವಾಗ ಪೇಂಟರು ಕಿರುಬೆರಳನ್ನು ಕೊಳವೆಗೆ ಆನಿಸಿ, ಉಸಿರು ಹಿಡಿದು, ಒಂದೇ ಎಳೆತಕ್ಕೆ ತುದಿ ಮುಟ್ಟಿಸಿದರು. 'ಮಧ್ಯೆ ನಿಲ್ಲಿಸಿದ್ರೆ ಅಲ್ಲೊಂದು ಗಂಟು ಕಾಣ್ತದೆ ಅಕ್ಕಾವ್ರೇ' ಅಂದರು. ರಂಗೋಲಿ ಎಳೆ ಬಿಡುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಮಾವನವರ ರ‍್ಯಾಲಿಯ ಕಥೆ ಬೇರೆ. ಉತ್ಸಾಹದಲ್ಲಿ ಅದಕ್ಕೂ ಹೊಸ ಬಣ್ಣ ಹಾಕಿಬಿಡೋಣ ಎಂದರು ನಮ್ಮನೆಯವರು. ಅತ್ತೆ ಮೊದಲ ಸಲ ದನಿ ಎತ್ತಿದರು: 'ಅದರ ಮೇಲಿನ ಗೆರೆ ಅಳಿಸ್ಬೇಡಿ. ಭಾನುವಾರ ಭಾನುವಾರ ಅವರೇ ಒರೆಸ್ತಿದ್ದದ್ದು.' ಬಂಗಾರದ ಗೆರೆ ಅರ್ಧ ಮಾಸಿದೆ, ಮೇಲಿನ ಕೊಳವೆಯಲ್ಲಿ ಅವರ ಕಾಲು ಉಜ್ಜಿ ಉಜ್ಜಿ ಕಬ್ಬಿಣ ಕಾಣುತ್ತದೆ. ಅದನ್ನು ಹಾಗೆಯೇ ಉಳಿಸಿಕೊಂಡೆವು. ಹಳೆಯ ಸೈಕಲ್ ಸಂಗ್ರಹಿಸುವವರೂ ಮೂಲ ಬಣ್ಣ, ಮೂಲ ಅಕ್ಷರ ಉಳಿದಿರುವುದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಹೊಸದಾಗಿ ಎಷ್ಟು ಚೆನ್ನಾಗಿ ಬಳಿದರೂ ಆ ಗೆರೆ ಮತ್ತೆ ಬರುವುದಿಲ್ಲ. ಇಂಥ ಸೈಕಲ್ಲನ್ನು ಸೋಪಿನ ತೆಳು ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ಮೇಣದ ಪಾಲಿಶ್ ತಿಕ್ಕಿದರೆ ಸಾಕು. ಸೀಮೆಎಣ್ಣೆ, ಸೋಡಾ, ತೆಂಗಿನ ನಾರು ಯಾವುದನ್ನೂ ಅದರ ಅಕ್ಷರಗಳ ಹತ್ತಿರ ತರಬೇಡಿ.

ಬಣ್ಣ ಬಳಿಯುವ ಕ್ರಮ

ಈಗ ಕೆಲಸಕ್ಕೆ ಬರೋಣ. ಇದು ಸಾಮಾನ್ಯ ಕಬ್ಬಿಣದ ಸೈಕಲ್ಲಿಗೆ ಹೇಳುತ್ತಿರುವ ಕ್ರಮ. ಅಲ್ಯೂಮಿನಿಯಂ ಫ್ರೇಮಿಗೆ ಬೇರೆ ಪ್ರೈಮರ್ ಬೇಕಾಗುತ್ತದೆ. ದುಬಾರಿ ಕಾರ್ಬನ್ ಫ್ರೇಮನ್ನು ಮನೆಯಲ್ಲಿ ಉಜ್ಜಲೇಬಾರದು.

ಬೇಕಾಗುವ ಸಾಮಾನು: ಒರಟು, ನಯ ಎರಡು ಬಗೆಯ ಉಪ್ಪುಕಾಗದ (120 ಮತ್ತು 320 ನಂಬರು), ನೀರು ಹಾಕಿ ಉಜ್ಜುವ 400 ನಂಬರಿನ ಕಾಗದ, ರೆಡ್ ಆಕ್ಸೈಡ್ ಪ್ರೈಮರ್, ಎನಾಮೆಲ್ ಬಣ್ಣ, ಟರ್ಪೆಂಟೈನ್, ಒಂದಿಂಚಿನ ಒಳ್ಳೆಯ ಕುಂಚ, ಅಂಟುಪಟ್ಟಿ, ಹಳೆಯ ಬಟ್ಟೆ. ಫ್ರೇಮು, ಫೋರ್ಕು, ಮಡ್‌ಗಾರ್ಡು ಎಲ್ಲ ಸೇರಿ ಎರಡು ಕೋಟಿಗೆ 200 ಮಿ.ಲೀ. ಡಬ್ಬಿ ಸಾಕಾಗುತ್ತದೆ.

ಮೊದಲು ಸೈಕಲ್ ಶಾಪಿನವರಿಂದ ಚಕ್ರ, ಚೈನು, ಪೆಡಲು, ಹ್ಯಾಂಡಲು, ಸೀಟು, ಬ್ರೇಕು ಎಲ್ಲ ಬಿಚ್ಚಿಸಿ. ಬಿಚ್ಚಿದ ನಟ್ಟು-ಬೋಲ್ಟುಗಳನ್ನು ಒಂದೊಂದು ಭಾಗದ್ದು ಒಂದೊಂದು ಪೊಟ್ಟಣ ಕಟ್ಟಿ ಮೇಲೆ ಹೆಸರು ಬರೆದಿಡಿ. ಜೋಡಿಸುವಾಗ ನಮ್ಮ ಪೊಟ್ಟಣಗಳನ್ನು ಕಂಡು ಅವರೇ ಮೆಚ್ಚಿಕೊಳ್ಳುತ್ತಾರೆ.

ಫ್ರೇಮನ್ನು ಸೋಪಿನ ನೀರಿನಿಂದ ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ. ತುಕ್ಕು ಹಿಡಿದ ಕಡೆ ಒರಟು ಕಾಗದದಿಂದ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿ. ಹಳೆಯ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ಕೀಳಬೇಕಿಲ್ಲ, ಹೊಳಪು ಹೋಗಿ ಮೇಲ್ಮೈ ಮಂಕಾಗುವಷ್ಟು ನಯ ಕಾಗದದಲ್ಲಿ ಉಜ್ಜಿದರೆ ಹೊಸ ಬಣ್ಣ ಹಿಡಿಯುತ್ತದೆ. ಬೇರಿಂಗ್ ಕೂರುವ ಜಾಗ, ಮರೆಗಳಿರುವ ಜಾಗ, ಸೀಟಿನ ಕಂಬ ಇಳಿಯುವ ಕೊಳವೆಯ ಬಾಯಿ ಇವಕ್ಕೆಲ್ಲ ಬಟ್ಟೆ ತುರುಕಿ ಅಂಟುಪಟ್ಟಿ ಹಾಕಿ. ಅಲ್ಲಿ ಬಣ್ಣ ಹೋದರೆ ಮತ್ತೆ ಜೋಡಿಸುವುದು ಕಷ್ಟ.

ನಂತರ ಪ್ರೈಮರ್. ಒಂದು ದಿನ ಒಣಗಿದ ಮೇಲೆ 400ರ ಕಾಗದವನ್ನು ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಒರೆಸಿ, ಚೆನ್ನಾಗಿ ಒಣಗಿಸಿ. ಆಮೇಲೆ ಎನಾಮೆಲ್. ಇಲ್ಲಿ ನೆನಪಿಡಬೇಕಾದ ಗುಟ್ಟು ಒಂದೇ: ತೆಳು ಕೋಟು. ನೀರುದೋಸೆಯಂತೆ ತೆಳುವಾಗಿ ಎರಡು ಕೋಟು ಹಾಕಿದರೆ ಕನ್ನಡಿಯಂತೆ ಬರುತ್ತದೆ. ದಪ್ಪ ಒಂದೇ ಕೋಟು ಹಾಕಿದರೆ ಇಳಿದು ಗಂಟುಗಟ್ಟುತ್ತದೆ. ಫ್ರೇಮನ್ನು ಹಗ್ಗದಲ್ಲಿ ನೇತುಹಾಕಿ ಸುತ್ತ ತಿರುಗಿ ಬಳಿಯಿರಿ. ಕೋಟಿನಿಂದ ಕೋಟಿಗೆ ಒಂದು ದಿನದ ಬಿಡುವು ಕೊಡಿ. ಎಲ್ಲ ಮುಗಿದ ಮೇಲೆ ಗೆರೆ. ಕೈ ಧೈರ್ಯವಿಲ್ಲದಿದ್ದರೆ ಎರಡು ಅಂಟುಪಟ್ಟಿ ಸಮಾನಾಂತರವಾಗಿ ಅಂಟಿಸಿ ನಡುವೆ ಬಳಿದು, ಬಣ್ಣ ಪೂರ್ತಿ ಒಣಗುವ ಮುನ್ನವೇ ಪಟ್ಟಿ ಕೀಳಿ. ಜೋಡಿಸುವ ಮೊದಲು ಒಂದು ವಾರವಾದರೂ ನೆರಳಲ್ಲಿ ಬಿಡಿ.

ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವದ ಗಾಳಿಗೆ ಎನಾಮೆಲ್ ಮಂಕಾಗುತ್ತದೆ. ದೂಳೆಬ್ಬಿಸುವ ಗಾಳಿ ಬೀಸುವ ಮಧ್ಯಾಹ್ನವೂ ಬೇಡ. ಎನಾಮೆಲ್ ಮೇಲೆ ಕಾರಿಗೆ ಹೊಡೆಯುವ ಎನ್.ಸಿ. ಬಣ್ಣ ಹಾಕಬೇಡಿ, ಕೆಳಗಿನದು ಹಪ್ಪಳದಂತೆ ಸುಕ್ಕುಗಟ್ಟುತ್ತದೆ.

ದೊಡ್ಡ ಊರುಗಳಲ್ಲಿ 'ಪೌಡರ್ ಕೋಟಿಂಗ್' ಎಂಬುದೂ ಇದೆ. ಬಣ್ಣದ ಪುಡಿಗೆ ವಿದ್ಯುತ್ ಕೊಟ್ಟು ಕಬ್ಬಿಣಕ್ಕೆ ಅಂಟುವಂತೆ ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಬಹಳ ಗಟ್ಟಿ. ಕಿಟಕಿ ಸರಳು, ಗೇಟುಗಳಿಗೆ ಮಾಡುವವರಲ್ಲಿ ವಿಚಾರಿಸಿ.

ಎಚ್ಚರವಿರಲಿ

ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಆದ್ದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ದೂಳು ತಡೆಯುವ ಮಾಸ್ಕ್ ಹಾಕಿ. ಕೆಳಗೆ ಕಾಗದ ಹಾಸಿ, ಬಿದ್ದ ಪುಡಿಯನ್ನು ಮಡಚಿ ಬಿಸಾಡಿ. ಬಾವಿ, ತುಳಸಿಕಟ್ಟೆ, ಮಕ್ಕಳು ಆಡುವ ಅಂಗಳ ಇವುಗಳಿಂದ ದೂರ ಕೂತು ಮಾಡಿ. ಬಸುರಿಯರು ಈ ಕೆಲಸಕ್ಕೆ ಕೈಹಾಕುವುದು ಬೇಡವೇ ಬೇಡ. ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ವಿವರ ನೋಡಿ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ.

ಉಜ್ಜುವಾಗ ಕೊಳವೆಗಳು ಕೂಡುವ ಜಾಗಗಳನ್ನು ಕಣ್ಣಿಟ್ಟು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಮೆತ್ತಿ ಮುಚ್ಚಬೇಡಿ, ತಿಳಿದವರಿಗೆ ತೋರಿಸಿ. ಬಣ್ಣದ ಕೆಳಗೆ ಮುರಿಯುವ ಸೈಕಲ್ಲು ಮಕ್ಕಳನ್ನು ರಸ್ತೆಗೆ ಕೆಡವುತ್ತದೆ. ಫ್ರೇಮಿನ ಮೇಲೆ ಕೊರೆದಿರುವ ನಂಬರನ್ನು ಪುಟ್ಟಿಯಿಂದ ತುಂಬಬೇಡಿ. ಅದನ್ನು ಪುಸ್ತಕದಲ್ಲಿ ಬರೆದಿಡಿ, ಸೈಕಲ್ ಕಳುವಾದರೆ ಪೊಲೀಸಿನವರು ಮೊದಲು ಕೇಳುವುದು ಅದನ್ನೇ. ರಿಮ್ಮಿನ ಮೇಲೆ ಬ್ರೇಕು ಹಿಡಿಯುವ ಜಾಗಕ್ಕೆ ಬಣ್ಣ ತಾಗಬಾರದು. ಹಿಂದಿನ ಬಿಳಿ ಪಟ್ಟಿ, ಹೊಳೆಯುವ ಕೆಂಪು ಬಿಲ್ಲೆ ಇವನ್ನು ಮುಚ್ಚಬಾರದು.

ಆರಿಸುವವರು ಯಾರು?

'ಜನ ಏನಂತಾರೋ' ಎಂಬ ಮಾತು ಬಣ್ಣದ ವಿಷಯದಲ್ಲೂ ಬರುತ್ತದೆ. ನಮ್ಮ ಬೀದಿಯಲ್ಲೂ ಬಂತು. ಮಗಳ ಸೈಕಲ್ಲು ನೋಡಿ 'ಇದೇನಿದು, ತುಕ್ಕಿನ ಬಣ್ಣ?' ಎಂದವರಿದ್ದಾರೆ. ಅವಳು ನಕ್ಕಳು, ಬೆಲ್ಲು ಹೊಡೆದುಕೊಂಡು ಹೋದಳು. ಅವಳ ಅಜ್ಜಿಗೆ ಮಾತ್ರ ಸ್ವಲ್ಪ ಕೋಪ ಬಂತು. ಅವರಿಗೆ ಬಣ್ಣದ ವಿಷಯದಲ್ಲಿ ಕೋಪ ಬಂದದ್ದು ನೋಡಿ ನನಗೆ ಒಳಗೊಳಗೇ ಸಂತೋಷವಾಯಿತು.

ಅಭಿರುಚಿ ಎಂಬುದು ಹುಟ್ಟಿನಿಂದ ಬರುವ ವರವೇನಲ್ಲ ಸೋದರಿಯರೇ. ಕೇಳುವವರಿದ್ದರೆ, ಆರಿಸುವ ಅವಕಾಶವಿದ್ದರೆ ಬೆಳೆಯುತ್ತದೆ. ಚಿಕ್ಕ ಹುಡುಗಿ ಇಂದು ಸೈಕಲ್ಲಿನ ಬಣ್ಣ ಆರಿಸಿ, ಅದಕ್ಕೆ ಬರುವ ನಾಲ್ಕು ಮಾತು ಕೇಳಿ ಅರಗಿಸಿಕೊಂಡರೆ, ನಾಳೆ ಓದು, ಉದ್ಯೋಗ, ಸಂಬಂಧಗಳನ್ನು ಆರಿಸುವಾಗ ಬಾಯಿ ಬಿಟ್ಟು ಮಾತಾಡುವ ಧೈರ್ಯ ಸ್ವಲ್ಪವಾದರೂ ಬಂದೀತು. ಆದ್ದರಿಂದ ಓಡಿಸುವವರೇ ಬಣ್ಣ ಆರಿಸಲಿ. ನಮಗೆ ಹಿಡಿಸದಿದ್ದರೂ ಪರವಾಗಿಲ್ಲ. ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ. ತಕ್ಷಣ ಉತ್ತರ ಬರದಿದ್ದರೆ ಎರಡು ದಿನ ಕಾಯಿರಿ.

ಕೊನೆಗೊಂದು ಉಳಿತಾಯದ ಮಾತು. ಡಬ್ಬಿಯ ತಳದಲ್ಲಿ ಬಣ್ಣ ಉಳಿದೇ ಉಳಿಯುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿ ತಲೆಕೆಳಗಾಗಿ ಇಟ್ಟರೆ ಗಾಳಿಯಾಡದೆ ಕೆಲವು ತಿಂಗಳು ಕೆಡದು. ಹೂಕುಂಡ, ಅಂಚೆ ಪೆಟ್ಟಿಗೆ, ಸ್ಟೂಲು ಇವಕ್ಕೆ ಬಳಿಯಬಹುದು. ಊಟ-ತಿಂಡಿಯ ಪಾತ್ರೆಗಾಗಲೀ ಮಕ್ಕಳು ಬಾಯಿಗಿಡುವ ಆಟಿಕೆಗಾಗಲೀ ಬಳಿಯಬಾರದು. ನಮ್ಮಲ್ಲಿ ಉಳಿದ ಮಾವಿನ ಚಿಗುರಿನ ಬಣ್ಣವನ್ನು ಏನು ಮಾಡುವುದೆಂದು ನಾನು ಯೋಚಿಸುವ ಮೊದಲೇ ಅತ್ತೆ ತಮ್ಮ ಜಗಲಿಯ ಸ್ಟೂಲನ್ನು ಮೊಮ್ಮಗಳ ಮುಂದೆ ತಂದಿಟ್ಟಿದ್ದರು.